ಗುಳಿಸಾಲಿನ ಮಧ್ಯಾಹ್ನ

ನಾನು ನಿಂತಿದ್ದ ಜಾಗವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆಯ ನಡುವಿನ ತೆರೆದ ತೊಟ್ಟಿಯಲ್ಲಿ, ಅಡುಗೆಮನೆಯ ಹೊಸ್ತಿಲಿನಿಂದ ಎಣಿಸಿದರೆ ಮೂರನೆಯ ಚಪ್ಪಡಿಯ ಮೇಲೆ, ಉತ್ತರಕ್ಕೆ ಮುಖ ಮಾಡಿ ನಿಂತಿದ್ದೆ. ದಿನ ಸಾವಿರದ ಒಂಬೈನೂರ ನಲವತ್ತಾರರ ಆಗಸ್ಟ್ ಹದಿನೆಂಟು, ಭಾನುವಾರ. ಗಂಟೆ ಎಷ್ಟಾಗಿತ್ತು ಎಂಬುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಅದನ್ನು ಒಮ್ಮೆ ಅವಸರದಲ್ಲಿ ಹೇಳಿ ಪಟ್ಟ ಪಾಡೇ ಸಾಕು.

ಇದೆಲ್ಲ ನೆನಪಾದದ್ದು ಒಂದು ಸೀಮೆಸುಣ್ಣದ ತುಂಡಿನಿಂದ. ಪೆಟ್ಟಿಗೆಯ ತಳದಲ್ಲಿ ಹನ್ನೆರಡು ವರ್ಷದಿಂದ ಮಲಗಿದ್ದ ಕೋಟನ್ನು ಮೊನ್ನೆ ಬಿಸಿಲಿಗೆ ಹಾಕಿದೆ. ಜೇಬಿನಲ್ಲಿ ಕೈಗೆ ಸಿಕ್ಕಿತು, ಅರ್ಧ ಬೆರಳುದ್ದದ್ದು. ಆ ಕಾಲದಲ್ಲಿ ನನ್ನ ಎಲ್ಲ ಕೋಟುಗಳ ಬಲಜೇಬೂ ಬಿಳಿಯಾಗಿರುತ್ತಿತ್ತು. ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಆದರೆ ಬೀದಿಯಲ್ಲಿ ನನ್ನನ್ನು ಗುಮಾಸ್ತ ಎಂದು ಯಾರೂ ಗುರುತಿಸುತ್ತಿರಲಿಲ್ಲ. 'ಬೋರ್ಡಿನ ಶಿವಣ್ಣ' ಎನ್ನುತ್ತಿದ್ದರು.

ನಮ್ಮ ಬೀದಿಯ ತುದಿಯಲ್ಲಿ ಒಂದು ವಾಚನಾಲಯವಿತ್ತು. ಎರಡು ಬೆಂಚು, ಒಂದು ಉದ್ದನೆಯ ಮೇಜು, ಮಧ್ಯದ ಹಾಳೆ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುವ ದಿನಪತ್ರಿಕೆ. ಅದರ ಹೊರಗೋಡೆಗೆ ಒಂದು ಕಪ್ಪು ಹಲಗೆ ತಗುಲಿ ಹಾಕಿದ್ದರು. ಯುದ್ಧದ ಸುದ್ದಿ ಬರೆಯಲು ಹಾಕಿದ್ದ ಹಲಗೆ. ಯುದ್ಧ ಮುಗಿದ ಮೇಲೆ ಅದು ಖಾಲಿ ಉಳಿಯಿತು. ಖಾಲಿ ಹಲಗೆಯನ್ನು ನೋಡಿಕೊಂಡು ಸುಮ್ಮನೆ ನಡೆದುಹೋಗುವ ಸ್ವಭಾವ ನನ್ನದಲ್ಲ. ಹಳೆಯ ಪುಸ್ತಕ, ರದ್ದಿ ಪತ್ರಿಕೆಗಳಿಂದ ಹೆಕ್ಕಿ ದಿನಕ್ಕೊಂದು ವಿಷಯ ಬರೆಯತೊಡಗಿದೆ. ಜಿರಾಫೆಯ ಕತ್ತಿನಲ್ಲಿರುವುದು ಏಳೇ ಮೂಳೆ, ಮನುಷ್ಯನಿಗೂ ಏಳೇ. ಲಾಲ್‌ಬಾಗಿನ ಬಂಡೆ ಹಿಮಾಲಯಕ್ಕಿಂತ ಹಳೆಯದು. ಬಸವನಹುಳುವಿನ ಬಾಯಲ್ಲಿ ಸಾವಿರಾರು ಹಲ್ಲುಗಳಿವೆ.

ಇವನ್ನು ಬರೆಯುವುದಕ್ಕಿಂತ, ಓದುವವರ ಹಿಂದೆ ಸುಮ್ಮನೆ ನಿಂತು ಕೇಳುವುದರಲ್ಲಿ ನನಗೆ ಹೆಚ್ಚು ಸುಖವಿತ್ತು. ನಮ್ಮ ಎದುರುಮನೆಯ ಕೆಂಪಣ್ಣ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುವಾಗ ತಪ್ಪದೆ ನಿಲ್ಲುತ್ತಿದ್ದ. ಅವನಿಗೆ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದುವ ಅಭ್ಯಾಸ.

"ಸಾವಿರಾರು ಹಲ್ಲಂತೆ. ಎಣಿಸ್ದೋನು ಯಾರು ಶಿವಣ್ಣ? ಅವನಿಗೆ ಬೇರೆ ಕೆಲಸ ಇರ್ಲಿಲ್ವಾ?"

ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಬೇಕು ಎಂದು ಬರೆದ ದಿನ ಅವನು ಬಹಳ ಹೊತ್ತು ನಿಂತಿದ್ದ. "ಅಂದ್ರೆ ಈಗ ಕಾಣ್ತಾ ಇರೋನು ಹಳೇ ಸೂರ್ಯ. ನಮ್ಮ ಹಾಲೇ ವಾಸಿ, ಇವತ್ತಿಂದು" ಎಂದು ಹೇಳಿ ಹೋದ.

ತಪ್ಪುಗಳೂ ಆಗುತ್ತಿದ್ದವು. ಒಮ್ಮೆ 'ಜಗತ್ತಿನ ಅತಿ ದೊಡ್ಡ ಮೀನು ತಿಮಿಂಗಿಲ' ಎಂದು ಬರೆದುಬಿಟ್ಟೆ. ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡುವ ಪ್ರಾಣಿ ಎಂದು ಹೈಸ್ಕೂಲಿನ ಹುಡುಗನೊಬ್ಬ ಹಲಗೆಯ ಮೂಲೆಯಲ್ಲೇ ಬರೆದು ಹೋದ. ಬೀದಿಗೆಲ್ಲ ಅದೊಂದು ವಾರದ ನಗೆಯಾಯಿತು. ಆ ತಿಮಿಂಗಿಲ ಮುಂದೆ ನನ್ನನ್ನು ಎಲ್ಲಿ ಬಂದು ಹಿಡಿಯಿತು ಎಂಬುದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಗಂಗಮ್ಮತ್ತೆಯ ವಿಷಯ ಹೇಳಬೇಕು.

ಗಂಗಮ್ಮತ್ತೆ ಅಪ್ಪನ ಅಕ್ಕ. ಅವಳ ಗಂಡನಿಗೆ ತರಗುಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತು. ಅವರು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಆಗ ನಾನು ನಾಲ್ಕು ವರ್ಷದವನು. ಅಂದಿನಿಂದ ಅಡುಗೆಮನೆ ಅವಳದು. ಅಮ್ಮ ಅದನ್ನು ಜಗಳವಿಲ್ಲದೆ ಬಿಟ್ಟುಕೊಟ್ಟಿದ್ದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಒಲೆಯ ಮುಂದೆ ಕುಳಿತಳೆಂದರೆ ಮನೆಯ ಆಡಳಿತ ಶುರುವಾದಂತೆ.

ಅತ್ತೆಗೆ ಗಡಿಯಾರದ ಮೇಲೆ ನಂಬಿಕೆಯಿರಲಿಲ್ಲ. ನಮ್ಮ ತೊಟ್ಟಿಯ ಪೂರ್ವದ ಸೂರಿನಿಂದ ಮಳೆನೀರು ಬೀಳುತ್ತಿದ್ದ ಕಡೆ, ಅಪ್ಪ ಹುಟ್ಟುವುದಕ್ಕೂ ಮೊದಲಿನಿಂದ ಹನಿ ಬಿದ್ದು ಬಿದ್ದು, ಚಪ್ಪಡಿಯಲ್ಲಿ ಬಟಾಣಿಯಷ್ಟು ಗುಳಿಗಳು ಒಂದೇ ಸಾಲಿನಲ್ಲಿ ಆಗಿದ್ದವು. ಅದನ್ನು ಮನೆಯಲ್ಲಿ ಗುಳಿಸಾಲು ಎನ್ನುತ್ತಿದ್ದೆವು. ಬೆಳಿಗ್ಗೆ ಆ ಸೂರಿನ ನೆರಳು ತೊಟ್ಟಿಯ ನಡುವಿನ ತನಕ ಚಾಚಿರುತ್ತಿತ್ತು. ಹೊತ್ತು ಏರಿದಂತೆ ಹಿಂದೆ ಹಿಂದೆ ಸರಿದು ಗುಳಿಸಾಲನ್ನು ಮುಟ್ಟುತ್ತಿತ್ತು. ಮುಟ್ಟಿದಾಗ ಮಧ್ಯಾಹ್ನ. ಆಗಲೇ ತಟ್ಟೆ. ಅದಕ್ಕೆ ಒಂದು ಕ್ಷಣ ಮೊದಲೂ ಇಲ್ಲ. ಮೋಡದ ದಿನ ಅಂದಾಜಿನ ಮೇಲೆ ಬಡಿಸುತ್ತಿದ್ದಳು, ಆದರೆ ಅಂದು ಅವಳ ಮುಖದಲ್ಲಿ ಏನೋ ಸುಳ್ಳು ಹೇಳಿದ ಅಳುಕು ಇರುತ್ತಿತ್ತು.

ಭಾನುವಾರಗಳಲ್ಲಿ ನನಗೂ ಅವಳಿಗೂ ಇದೇ ವಾದ. ಗಡಿಯಾರ ಹನ್ನೆರಡು ಹೊಡೆಯುತ್ತಿತ್ತು. ಹುಳಿಯ ಒಗ್ಗರಣೆ ವಾಸನೆ ಬರುತ್ತಿತ್ತು. ನಾನು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಅತ್ತೆ, ಹನ್ನೆರಡಾಯ್ತು."

"ಅದಕ್ಕಾಗಿರ್ಬೋದು. ಇನ್ನೂ ಮಧ್ಯಾಹ್ನ ಆಗಿಲ್ಲ. ಹೋಗು, ನೆರಳು ಎಲ್ಲಿದೆ ನೋಡ್ಕೊಂಡು ಬಾ."

ಹೋಗಿ ನೋಡಿದರೆ ನೆರಳು ಗುಳಿಸಾಲಿನಿಂದ ಗೇಣಷ್ಟು ದೂರದಲ್ಲಿ ಸೋಮಾರಿಯಂತೆ ಬಿದ್ದಿರುತ್ತಿತ್ತು. ಅದು ಸಾಲು ಮುಟ್ಟುವ ಹೊತ್ತಿಗೆ ಇನ್ನೂ ಕಾಲು ಗಂಟೆ, ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು. ಅತ್ತೆಯ ಕಲ್ಲು ನಿಧಾನ ಎಂದು ನಾನು ನಗುತ್ತಿದ್ದೆ. ಯುದ್ಧದ ಕಾಲದಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿತಲ್ಲ, ಆಗಂತೂ ನಮ್ಮ ಮನೆಯ ಊಟ ಒಂದೂಕಾಲಾದರೂ ಆಗುತ್ತಿರಲಿಲ್ಲ. ಅತ್ತೆಗೆ ವಿವರಿಸಲು ಹೋದೆ. "ಮುಂದಕ್ಕೆ ತಳ್ಳಿದ್ರಾ? ಸೂರ್ಯನ್ನ ಒಂದು ಮಾತು ಕೇಳಿದ್ರಾ?" ಎಂದಳು. ಯುದ್ಧ ಮುಗಿದು ಮತ್ತೆ ಹಿಂದಕ್ಕೆ ತಂದಾಗ, "ನೋಡು, ನಿಮ್ಮೋರಿಗೇ ನಾಚಿಕೆ ಆಯ್ತು" ಎಂದಳು.

ಇಂಥ ಅತ್ತೆ ಆ ವರ್ಷದ ಬೇಸಿಗೆಯಲ್ಲಿ ಸುಮ್ಮನಾದಳು.

ಮೊದಲು ಗಮನಿಸಿದ್ದು ಅಮ್ಮ. ಮಾವಿನಕಾಯಿ ಕಾಲದಲ್ಲಿ ಅತ್ತೆ ಉಪ್ಪಿನಕಾಯಿ ಹಾಕಲಿಲ್ಲ. ಬದಲು ಅಮ್ಮನನ್ನು ಕೂರಿಸಿಕೊಂಡು, ಇಷ್ಟು ಕಾಯಿಗೆ ಇಷ್ಟು ಉಪ್ಪು, ಇಷ್ಟು ಮೆಂತ್ಯ ಎಂದು ಹೇಳಿಕೊಟ್ಟಳು. ಇಪ್ಪತ್ತು ವರ್ಷ ಯಾರಿಗೂ ಹೇಳದ ಅಳತೆ ಅದು. ಆಮೇಲೆ ಸಾಮಾನುಗಳು ಒಂದೊಂದಾಗಿ ಹೋದವು. ಶ್ಯಾವಿಗೆ ಒರಳು ಕೆಂಪಣ್ಣನ ಮನೆಗೆ. ತಾಮ್ರದ ಕೊಡ ಮಲ್ಲೇಶ್ವರದಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ. ಎರಡು ಒಳ್ಳೆಯ ಸೀರೆ ಕೆಲಸದವಳಿಗೆ. ಊಟ ಎರಡು ತುತ್ತಿಗೆ ಇಳಿಯಿತು. ಮೈಯಲ್ಲಿ ಕಾಯಿಲೆಯಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಆದರೂ ಜುಲೈ ತಿಂಗಳ ಹೊತ್ತಿಗೆ ಅವಳ ಬೆಳ್ಳಿ ಕಡಗ ಮೊಣಕೈ ತನಕ ಜಾರುತ್ತಿತ್ತು.

ಒಂದು ದಿನ ನಾನು ಬಿಡದೆ ಕೇಳಿದೆ. ಅವಳು ಒಲೆಯ ಬೂದಿ ಕೆದಕುತ್ತಾ, ತರಕಾರಿಯವನ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು.

"ಏಪ್ರಿಲ್‌ನಲ್ಲಿ ಹಪ್ಪಳ ಒಣಗ್ಹಾಕಿದ್ನಲ್ಲ, ಮಗುಚೋಕೆ ಅಂತ ತೊಟ್ಟಿ ನಡುವೆ ನಿಂತೆ. ಆಗ ತಾನೆ ನೆರಳು ಗುಳಿಸಾಲು ಮುಟ್ಟಿತ್ತು. ಕೆಳಗೆ ನೋಡ್ತೀನಿ, ನನ್ನ ನೆರಳಿಲ್ಲ ಕಣೋ."

"ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ತಲೆಯೂ ಇಲ್ಲ, ಕೈಯೂ ಇಲ್ಲ. ಮಾರನೇ ದಿನ ನೋಡ್ದೆ, ಇಲ್ಲ. ಅದರ ಮಾರನೇ ದಿನವೂ ಇಲ್ಲ. ಆಮೇಲೆ ನೋಡ್ಲಿಲ್ಲ. ನೆರಳು ಬಿಟ್ಟೋದೋರು ಆರು ತಿಂಗಳಿರಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು. ಅವರು ಹೇಳಿದ್ದು ಯಾವುದೂ ಸುಳ್ಳಾಗಿಲ್ಲ. ದೀಪಾವಳಿ ನೋಡ್ತೀನೋ ಇಲ್ವೋ. ಇರ್ಲಿ, ಅತ್ತುಗಿತ್ತು ಮಾಡ್ಬೇಡ."

ನಾನು ಅಳಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ನಕ್ಕೆ. ಅವಳ ಮುಖ ನೋಡಿ ನಿಲ್ಲಿಸಿದೆ. ದಿನಕ್ಕೊಂದು ವಿಷಯ ಬರೆಯುವ ನನಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ ಎಂಬುದು ಆ ಕ್ಷಣಕ್ಕೇ ಹೊಳೆಯಿತು.

ಸಂಜೆ ಎನ್.ಆರ್. ಕಾಲೋನಿಗೆ ನಡೆದೆ. ಅಲ್ಲಿ ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು ಗುಂಡೂರಾಯರು ಇದ್ದರು. ಕಣ್ಣು ಮಂಜಾಗಿತ್ತು, ಲೆಕ್ಕ ಮಂಜಾಗಿರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ತೊಡೆ ತಟ್ಟಿದರು.

"ನೆರಳು ಹೇಗಿರತ್ತಯ್ಯ? ಬೆಂಗಳೂರಿರೋದು ಹದಿಮೂರನೇ ಡಿಗ್ರೀಲಿ. ಸೂರ್ಯ ಉತ್ತರಕ್ಕೆ ಹೋಗೋವಾಗ ಒಂದು ಸಲ, ವಾಪಸ್ ಬರೋವಾಗ ಒಂದು ಸಲ, ಸರಿಯಾಗಿ ನಮ್ಮ ನೆತ್ತಿ ಮೇಲೆ ಬರ್ತಾನೆ. ಮಧ್ಯಾಹ್ನಕ್ಕೆ ಯಾರಿಗೂ ನೆರಳಿಲ್ಲ. ನಿನಗಿಲ್ಲ, ನನಗಿಲ್ಲ, ಕೆಂಪೇಗೌಡರ ಗೋಪುರಕ್ಕೂ ಇಲ್ಲ." ಪಂಚಾಂಗ ತರಿಸಿ, ನನ್ನಿಂದ ಓದಿಸಿ, ಬೆರಳು ಮಡಚಿ, "ಆಗಸ್ಟ್ ಹದಿನೆಂಟು. ನಿಮ್ಮತ್ತೇನ ಕರೆದು ತೋರ್ಸು" ಎಂದರು.

ಓಡಿಬಂದು ಅತ್ತೆಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, ನೋಯಿಸುವ ಉದ್ದೇಶವಿಲ್ಲದೆ ಹೇಳಿದಳು: "ತಿಮಿಂಗಿಲ ಮೀನು ಅಂತ ಬರೆದೋನು ನೀನೇ ಅಲ್ವೇನಪ್ಪ?"

ಬರೆದು ಅಳಿಸಿದ್ದು ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ. ಹೋಗುವುದಿಲ್ಲ.

ಹಾಗಾದರೆ ಕಣ್ಣಾರೆ ತೋರಿಸಬೇಕು. ಅವಳೊಬ್ಬಳ ನೆರಳು ಹೋದರೆ ಸಾಲದು. ಗಟ್ಟಿಮುಟ್ಟಾದ ಹತ್ತು ಜನರ ನೆರಳು ಅವಳ ಮುಂದೆಯೇ ಹೋಗಬೇಕು. ಆಗ ನಂಬುತ್ತಾಳೆ. ಒಂದು ವಾರ ಮೊದಲೇ ಹಲಗೆಯ ಮೇಲೆ ಬರೆದೆ: 'ಆಗಸ್ಟ್ 18, ಭಾನುವಾರ, ಸರಿಯಾಗಿ 12 ಗಂಟೆಗೆ, ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಯಾವ ವಸ್ತುವಿಗೂ ನೆರಳಿರುವುದಿಲ್ಲ. ನೋಡಬಯಸುವವರು ನಮ್ಮ ಮನೆಗೆ ಬರಬಹುದು.' 'ಸರಿಯಾಗಿ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಈ ಎರಡು ಗೆರೆಗಳನ್ನು ನೀವು ನೆನಪಿಟ್ಟುಕೊಳ್ಳಬೇಕು.

ಆ ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಹನ್ನೊಂದರ ನಂತರ ಅಲ್ಲಲ್ಲಿ ಹರಿಯಿತು. ಇಪ್ಪತ್ತು ಜನರಾದರೂ ಬಂದಿದ್ದರು. ಗುಂಡೂರಾಯರು ಒಂದು ದಾರಕ್ಕೆ ಸೀಸದ ಗುಂಡು ಕಟ್ಟಿಕೊಂಡು ಬಂದಿದ್ದರು. ಅದನ್ನು ಇಳಿಬಿಟ್ಟು, ಅದಕ್ಕೆ ಸರಿಹೊಂದಿಸಿ ನಮ್ಮ ಮನೆಯ ಒನಕೆಯನ್ನು ತೊಟ್ಟಿಯ ನಡುವೆ ನೆಟ್ಟಗೆ ನಿಲ್ಲಿಸಿದೆವು. ಅಮ್ಮ ಅದರ ಬುಡಕ್ಕೆ ಮಣ್ಣು ಒತ್ತಿದಳು. ಕೆಂಪಣ್ಣ ತನ್ನ ಎಂಟು ವರ್ಷದ ಮಗಳು ಜಯಳನ್ನು ಕರೆತಂದಿದ್ದ. ಅತ್ತೆಯನ್ನು ಅಮ್ಮ ಕೈಹಿಡಿದು ಕರೆತಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿದಳು. ನಾನು ಮೂರನೆಯ ಚಪ್ಪಡಿಯ ಮೇಲೆ ನಿಂತೆ. ಹಿಂದಿನ ದಿನ ರೈಲ್ವೆ ಸ್ಟೇಷನ್ನಿನ ಗಡಿಯಾರಕ್ಕೆ ಹೊಂದಿಸಿಕೊಂಡು ಬಂದಿದ್ದ ಕೈಗಡಿಯಾರವನ್ನು ಮುಂದೆ ಹಿಡಿದಿದ್ದೆ.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಬಿಸಿಲು ಬಂತು. ಎಲ್ಲರೂ ಬಗ್ಗಿದರು.

ಒಳಗೆ ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ನಾನು ಆ ಹನ್ನೆರಡನ್ನೂ ಎಣಿಸಿದೆ. ಒನಕೆಯ ಎಡಬದಿಗೆ ಮುಕ್ಕಾಲು ಗೇಣು ನೆರಳು ಬಿದ್ದಿತ್ತು. ಕಪ್ಪಗೆ, ಅಂಚು ಹರಿತವಾಗಿ. ಅಂಥ ಸ್ಪಷ್ಟವಾದ ನೆರಳನ್ನು ನಾನು ಮತ್ತೆಂದೂ ನೋಡಿಲ್ಲ.

"ಇದೆಯಲ್ಲಪ್ಪ" ಎಂದರು ಯಾರೋ.

"ಹೋಗತ್ತೆ ತಡೀರಿ" ಎಂದೆ.

ಎರಡು ನಿಮಿಷ. ಮೂರು. ನೆರಳು ಹೋಗಲಿಲ್ಲ. ಹಿಂದೆ ನಿಂತಿದ್ದವರಲ್ಲಿ ಒಬ್ಬರು, "ಇದು ತಿಮಿಂಗಿಲದ ತಮ್ಮ" ಎಂದರು. ಎಲ್ಲರೂ ಬಿದ್ದುಬಿದ್ದು ನಕ್ಕರು. ನಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಭಾನುವಾರದ ಊಟ ಎಲ್ಲರ ಮನೆಯಲ್ಲೂ ಕಾದಿತ್ತು. ಐದು ನಿಮಿಷದಲ್ಲಿ ತೊಟ್ಟಿ ಖಾಲಿ. ಕೆಂಪಣ್ಣನೂ ಮಗಳೂ ಉಳಿದರು, ಏಕೆಂದರೆ ಅಮ್ಮ ಅವರನ್ನು ಊಟಕ್ಕೆ ಹೇಳಿದ್ದಳು. ಗುಂಡೂರಾಯರು ಜಗಲಿಯ ಮೇಲೆ ಕುಳಿತು, "ಲೆಕ್ಕ ತಪ್ಪಿಲ್ಲ... ಲೆಕ್ಕ ತಪ್ಪಿಲ್ಲ..." ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ಬಿಸಿಲೂ ಹೋಗಿ ಮತ್ತೆ ಮೋಡ ಮುಚ್ಚಿತು.

ನಾನು ಅತ್ತೆಯ ಮುಖ ನೋಡಿದೆ. ಅವಳು ಕರುಣೆಯಿಂದ ನನ್ನತ್ತ ನೋಡುತ್ತಿದ್ದಳು.

"ನಿಮಗೆಲ್ಲ ಇದೆ ಕಣೋ. ಇರ್ಬೇಕು. ನೀವಿನ್ನೂ ಬಾಳಿ ಬದುಕೋರು."

ಅವಳ ಸಾವನ್ನು ನಾನೇ ಇಪ್ಪತ್ತು ಜನ ಸಾಕ್ಷಿಗಳನ್ನು ಕರೆಸಿ ಖಚಿತಪಡಿಸಿದ್ದೆ. ಏನೂ ತೋಚದಾಗ ಮನುಷ್ಯ ಪ್ರತಿದಿನ ಆಡುವ ಮಾತನ್ನೇ ಆಡುತ್ತಾನೆ.

"ಅತ್ತೆ, ತಟ್ಟೆ ಹಾಕು. ಹನ್ನೆರಡಾಗಿ ಹತ್ತು ನಿಮಿಷ ಆಯ್ತು."

ಅವಳೂ ಪ್ರತಿದಿನದ ಮಾತನ್ನೇ ಆಡಿದಳು.

"ಇನ್ನೂ ಮಧ್ಯಾಹ್ನ ಎಲ್ಲಾಯ್ತು? ಆಗ ಬಿಸಿಲು ಬಂದಾಗ ನೋಡ್ಲಿಲ್ವಾ? ನೆರಳು ಗುಳಿಸಾಲು ಮುಟ್ಟೋಕೆ ಗೇಣು ದೂರ ಇತ್ತು."

ಜಗಲಿಯಿಂದ ಗುಂಡೂರಾಯರು ಎದ್ದು ನಿಂತರು. "ಏನಂದ್ರಿ ತಾಯಿ? ಇನ್ನೊಂದ್ಸಲ ಹೇಳಿ."

ಅತ್ತೆ ಸಂಕೋಚದಿಂದ ಸೆರಗು ಸರಿಪಡಿಸಿಕೊಂಡು ತೋರಿಸಿದಳು. ಸೂರು, ಗುಳಿಗಳು, ನೆರಳು ಸರಿಯುವುದು, ತಟ್ಟೆ ಹಾಕುವುದು. ರಾಯರು ಗುಳಿಸಾಲಿನ ಹತ್ತಿರ ಮಂಡಿಯೂರಿ ಕುಳಿತು ಅದನ್ನು ಬೆರಳಿನಿಂದ ಸವರಿದರು. ಸೂರಿನ ಅಂಚಿನಿಂದ ಸೀಸದ ಗುಂಡನ್ನು ಇಳಿಬಿಡಿಸಿದರು. ಅದು ಸರಿಯಾಗಿ ಒಂದು ಗುಳಿಯ ಮೇಲೆ ಬಂದು ನಿಂತಿತು. ಅವರು ಹಣೆ ಚಚ್ಚಿಕೊಂಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಶಿವಣ್ಣ, ನಾವಿಬ್ಬರೂ ಕತ್ತೆಗಳು ಕಣಯ್ಯ! ಸೂರಿನ ನೆರಳು ಸೂರಿನ ನೇರ ಕೆಳಗೆ ಬಂದಾಗಲೇ ನಿಜವಾದ ಮಧ್ಯಾಹ್ನ. ನಿನ್ನ ಗಡಿಯಾರ ಇಡೀ ದೇಶಕ್ಕೆ ಒಂದೇ. ಅದರ ಹನ್ನೆರಡು ಗಂಟೆ ಅಲಹಾಬಾದಿನ ಕಡೆಯೋರದು. ಸೂರ್ಯ ಅಲ್ಲಿ ನೆತ್ತಿಗೆ ಬಂದು ಇಲ್ಲಿಗೆ ಬರೋಕೆ ಇನ್ನೂ ಇಪ್ಪತ್ತು ನಿಮಿಷ ಬೇಕು. ಅದರ ಮೇಲೆ ಈ ತಿಂಗಳಲ್ಲಿ ಸೂರ್ಯನೇ ಮೂರ್ನಾಲ್ಕು ನಿಮಿಷ ತಡ. ನಲವತ್ತು ವರ್ಷ ಪಾಠ ಹೇಳಿದೀನಿ, ಮನೇಲಿ ಹನ್ನೆರಡಕ್ಕೆ ಊಟ ಮಾಡಿ ಮಾಡಿ ಮರೆತೇಹೋಯ್ತು. ಬೆಂಗಳೂರಿನ ನಿಜವಾದ ಮಧ್ಯಾಹ್ನ ಗೊತ್ತಿರೋರು ಈ ಮನೇಲಿ ಈ ತಾಯಿ ಒಬ್ಬರೇ."

"ಈಗೆಷ್ಟು?"

"ಹನ್ನೆರಡು ಹದಿನೆಂಟು" ಎಂದೆ, ಕೈಗಡಿಯಾರ ನೋಡಿ.

ಎಲ್ಲರೂ ಆಕಾಶ ನೋಡಿದೆವು. ಮೋಡ ಹತ್ತಿಯ ಮೂಟೆಯಂತೆ ಕದಲದೆ ಕುಳಿತಿತ್ತು. ಹತ್ತೊಂಬತ್ತು. ಇಪ್ಪತ್ತು. ಕೆಂಪಣ್ಣ, "ಸರ್ಕೊಳೋ ನಿಮ್ಮಪ್ಪನ್..." ಎಂದು ಮೋಡವನ್ನು ಬೈಯಲು ಶುರುಮಾಡಿ, ಹೆಂಗಸರಿದ್ದಾರೆಂದು ಅರ್ಧಕ್ಕೇ ನಿಲ್ಲಿಸಿದ. ಇಪ್ಪತ್ತೊಂದು. ಇಪ್ಪತ್ತೆರಡು. ನನ್ನ ಆಯುಸ್ಸಿನಲ್ಲಿ ಅಷ್ಟು ಉದ್ದದ ನಿಮಿಷಗಳನ್ನು ನಾನು ಕಂಡಿಲ್ಲ.

ಇಪ್ಪತ್ತಮೂರಕ್ಕೆ ಮೋಡದ ಅಂಚು ಬೆಳ್ಳಗಾಯಿತು. ಬಿಸಿಲು ತೊಟ್ಟಿಯೊಳಕ್ಕೆ ಸುರಿಯಿತು. ಸೂರಿನ ನೆರಳು ಗುಳಿಸಾಲಿನ ಮೇಲೆ, ದಾರ ಹಿಡಿದು ಎಳೆದ ಹಾಗೆ, ನಿಂತಿತ್ತು. ಒನಕೆಯ ಬುಡದ ಸುತ್ತ ಬರೀ ಬಿಸಿಲು. ಎಡಕ್ಕೆ ಇಲ್ಲ. ಬಲಕ್ಕೆ ಇಲ್ಲ. ಗಂಟೆ ಹನ್ನೆರಡು ಇಪ್ಪತ್ತನಾಲ್ಕು. ಈಗ ಹೇಳಬಹುದು.

ಅತ್ತೆ ಹೊಸ್ತಿಲಿಂದ ಇಳಿದಳು. ಅವಳು ತನ್ನ ಕಾಲ ಬುಡವನ್ನು ನೋಡಿಕೊಳ್ಳಲಿಲ್ಲ. ಮೊದಲು ಕಂಡದ್ದು ತೊಟ್ಟಿಯ ನಡುವೆ ನಿಂತಿದ್ದ ಜಯ. ಹಾರಿಹೋಗಿ ಮಗುವನ್ನು ಬಾಚಿ ತಬ್ಬಿಕೊಂಡಳು.

"ಅಯ್ಯೋ ಶಿವನೇ, ಈ ಮಗೂಗೂ ಇಲ್ವಲ್ಲೋ!"

"ಯಾರಿಗೂ ಇಲ್ಲ ಅತ್ತೆ. ನೋಡು."

ಅವಳು ನೋಡಿದಳು. ಒಬ್ಬೊಬ್ಬರ ಹತ್ತಿರ ಬಂದು, ಬಗ್ಗಿ, ಕಾಲ ಬುಡ ನೋಡಿದಳು. ಕಾಲಡಿ ಒಂದು ಕಪ್ಪು ಮಚ್ಚೆ, ಅಷ್ಟೇ. "ನಿನಗಿಲ್ಲ. ನಿಮ್ಮಮ್ಮಂಗಿಲ್ಲ. ಮೇಷ್ಟ್ರಿಗಿಲ್ಲ. ಕೆಂಪಣ್ಣಂಗೂ ಇಲ್ಲ." ಕೊನೆಗೆ ತನ್ನ ಕಾಲ ಕಡೆ ನೋಡಿಕೊಂಡಳು. "ನಂಗೂ ಇಲ್ಲ" ಎಂದಳು. ಏಪ್ರಿಲ್‌ನಿಂದ ಎದೆಯಲ್ಲಿ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ ಹಾಗಿತ್ತು ಆ ಮಾತು.

"ಎಮ್ಮೆಗಳನ್ನೂ ಹೊಡ್ಕೊಂಡು ಬರ್ಲಾ ಅಮ್ಮಾರೆ? ಅವಕ್ಕೂ ನೋಡ್ಬಿಡಿ" ಎಂದ ಕೆಂಪಣ್ಣ.

ಅತ್ತೆ ನಕ್ಕಳು. ನಾಲ್ಕು ತಿಂಗಳ ನಂತರ. ನಗುತ್ತಾ ನಗುತ್ತಾ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮಧ್ಯಾಹ್ನ ಆಯ್ತು, ತಟ್ಟೆ ಹಾಕ್ತೀನಿ ಬನ್ನಿ" ಎಂದಳು. ಅಂದು ಅವಳು ಮೂರು ಮುದ್ದೆ ಉಂಡಳು. ಅಮ್ಮನೂ ನಾನೂ ಎಣಿಸಿದ್ದೇವೆ.

ಮಾರನೆಯ ಬೆಳಿಗ್ಗೆ ಕೊಟ್ಟ ಸಾಮಾನು ವಾಪಸ್ ತರುವ ಸಮಸ್ಯೆ ಎದುರಾಯಿತು. ಸೀರೆಗಳನ್ನು ಕೆಲಸದವಳು ಉಟ್ಟುಬಿಟ್ಟಿದ್ದಳು, ಅವು ಹೋದವು. ಚಿಕ್ಕಮ್ಮ ಕೊಡವನ್ನು ಕೊಡದೆ ಎರಡು ಹಬ್ಬ ತಳ್ಳಿದಳು. ಶ್ಯಾವಿಗೆ ಒರಳನ್ನು ಮಾತ್ರ ಕೆಂಪಣ್ಣ ಹೇಳಿಸಿಕೊಳ್ಳದೆ ಹೊತ್ತು ತಂದು ಇಳಿಸಿದ. "ಇಟ್ಕೊಳ್ಳಿ ಅಮ್ಮಾರೆ. ಮುಂದಿನ ಸಲ ಸಾಯೋವಾಗ ಗಡಿಯಾರ ನೋಡ್ಕೊಂಡು ಕೊಡಿ" ಎಂದ. ಉಪ್ಪಿನಕಾಯಿಯ ಅಳತೆಯನ್ನು ಅಮ್ಮನಿಗೆ ಹೇಳಿಕೊಟ್ಟದ್ದೊಂದು ಅತ್ತೆಗೆ ಇಂದಿಗೂ ಹೊಟ್ಟೆಯುರಿ.

ಹಲಗೆಯ ಮೇಲೆ ನಾನು ತಿದ್ದುಪಡಿ ಬರೆದೆ: 'ಕಳೆದ ವಾರ ಬರೆದ ಸಮಯ ತಪ್ಪು. ನೆರಳು ಹೋದದ್ದು 12 ಗಂಟೆ 24 ನಿಮಿಷಕ್ಕೆ. ತಿದ್ದಿದವರು ಗಂಗಮ್ಮನವರು.' ಆಗಲೇ ಮನೆಗೆ ಹೋಗಿ ಉಂಡು ಮಲಗಿದ್ದ ಇಪ್ಪತ್ತು ಜನ ಅದನ್ನು ನಂಬಲಿಲ್ಲ. ಇಂದಿಗೂ ಕೆಲವರು ನಂಬಿಲ್ಲ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆದದ್ದು.

ಅಂದು ತೊಟ್ಟಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಆರು ಜನ. ಗುಂಡೂರಾಯರು ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಉಳಿದವರು ಇದ್ದಾರೆ. ಕೆಂಪಣ್ಣ ಎದುರುಮನೆಯಲ್ಲೇ ಇದ್ದಾನೆ, ಯಾರು ಬೇಕಾದರೂ ಕೇಳಬಹುದು. ಜಯ ಶೇಷಾದ್ರಿಪುರದ ಸೊಸೆಯಾಗಿದ್ದಾಳೆ. ತನ್ನ ನೆರಳು ಹೋದದ್ದು ಅವಳಿಗೆ ಮರೆತಿದೆ, ಅಜ್ಜಿ ತಬ್ಬಿಕೊಂಡಾಗ ಪಕ್ಕೆ ನೊಂದದ್ದು ನೆನಪಿದೆ. ಅಮ್ಮ ಇದ್ದಾಳೆ. ನಾನಿದ್ದೇನೆ. ಇನ್ನೊಬ್ಬಳು ಗಂಗಮ್ಮತ್ತೆ. ನಾನು ಇದನ್ನು ಬರೆಯುತ್ತಾ ಕುಳಿತಿರುವ ಈ ಭಾನುವಾರ ನನ್ನ ಗಡಿಯಾರದಲ್ಲಿ ಹನ್ನೆರಡು ಹೊಡೆದು ಹತ್ತು ನಿಮಿಷವಾಗಿದೆ, ಒಗ್ಗರಣೆಯ ವಾಸನೆ ಬರುತ್ತಿದೆ, ಅವಳು ಇನ್ನೂ ತಟ್ಟೆ ಹಾಕಿಲ್ಲ.